ಕ್ರಾಬಿಗೆ ಹೋಗಿ ಬಂದ ಡಬ್ಬಿ

ಹೋದ ವಾರ, ನಾಗರ ಪಂಚಮಿ ಹತ್ತಿರ ಬಂತೆಂದು ನನ್ನ ಹೆಂಡತಿ ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದ ಪಾತ್ರೆಗಳನ್ನೆಲ್ಲ ತೊಳೆಯಲು ಕೂತಳು. ಇಳಿಸಿಕೊಡುವ ಕೆಲಸ ನನ್ನದು. ಎಲ್ಲ ಇಳಿದ ಮೇಲೆ ಗೋಡೆಗೆ ಒತ್ತಿಕೊಂಡು ಒಂದು ಅಗಲವಾದ ಸ್ಟೀಲ್ ಡಬ್ಬಿ ಉಳಿದಿತ್ತು. ಅದನ್ನು ಅಲ್ಲಿಟ್ಟವನು ನಾನೇ. ಕಣ್ಣಿಗೆ ಬೀಳದಿರಲಿ ಎಂದೇ ಇಟ್ಟಿದ್ದೆ. ಮುಚ್ಚಳ ತೆಗೆದೆ. ಎಂಟು ತಿಂಗಳಾಗಿದ್ದರೂ, ಮೂರು ಸಲ ತೊಳೆದಿದ್ದರೂ, ಶೇಂಗಾ ಚಟ್ನಿಯ ಬೆಳ್ಳುಳ್ಳಿ ವಾಸನೆ ಹಾಗೇ ಇತ್ತು. ಕೆಲವು ವಾಸನೆಗಳಿಗೆ ದಾಕ್ಷಿಣ್ಯವೇ ಇರುವುದಿಲ್ಲ.

ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಹೆಸರು: ಮಾಬೂಬಿ, ಲಕ್ಷ್ಮೇಶ್ವರ. ಬೆಟಗೇರಿಯಲ್ಲಿ ಮೂವತ್ತು ವರ್ಷ ಲಗ್ನಪತ್ರಿಕೆ ಅಚ್ಚು ಹಾಕಿದವನು ನಾನು. ಎಲ್ಲಿ ಅಕ್ಷರ ಕಂಡರೂ ತಪ್ಪು ಹುಡುಕುವುದು ನನ್ನ ಚಟ. ಇದರಲ್ಲಿ ಒಂದೂ ತಪ್ಪಿರಲಿಲ್ಲ. ತಪ್ಪೆಲ್ಲ ಡಬ್ಬಿ ಹಿಡಿದುಕೊಂಡವನದ್ದು.

“ಇದು ರಾಜೇಸಾಬಣ್ಣಾರ ಮನಿ ಡಬ್ಬಿ ಅಲ್ಲೇನ್ರಿ? ಇನ್ನೂ ಕೊಟ್ಟಿಲ್ಲ?” ಎಂದಳು ಹೆಂಡತಿ.

“ಖಾಲಿ ಡಬ್ಬಿ ಹೆಂಗ ಕೊಡೂದು?” ಎಂದೆ.

ಈ ರಿವಾಜು ನಿಮ್ಮ ಮನೆಯಲ್ಲೂ ಇದ್ದೀತು. ಯಾರ ಮನೆಯಿಂದಲಾದರೂ ಡಬ್ಬಿಯಲ್ಲಿ ಏನಾದರೂ ಬಂದರೆ ಅದನ್ನು ಬರಿದಾಗಿ ತಿರುಗಿ ಕಳಿಸಬಾರದು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಬೇಕು. ನಮ್ಮ ಓಣಿಯಲ್ಲಿ ಕೆಲವು ಡಬ್ಬಿಗಳು ಹೀಗೆ ಮನೆಯಿಂದ ಮನೆಗೆ ತಿರುಗುತ್ತ, ಕೊನೆಗೆ ಯಾರದೆಂಬುದೇ ಮರೆತುಹೋಗಿವೆ. ಈ ಡಬ್ಬಿಯ ವಿಷಯದಲ್ಲಿ ಮಾತ್ರ ನನಗೆ ಸಕ್ಕರೆ ಹಾಕುವ ಧೈರ್ಯ ಬಂದಿರಲಿಲ್ಲ. ಯಾಕೆಂದು ಹೇಳುತ್ತೇನೆ, ಕೇಳಿ.

ರಾಜೇಸಾಬ ಲಕ್ಷ್ಮೇಶ್ವರದಲ್ಲಿ ಟೇಲರ್. ಈರಪ್ಪನದು ಮುಂಡರಗಿಯಲ್ಲಿ ಬೀಜದ ಅಂಗಡಿ. ನಾವು ಮೂವರೂ ಗದಗಿನ ಕಾಲೇಜಿನಲ್ಲಿ ಒಂದೇ ಬೆಂಚಿನವರು. ಅಂದಿನಿಂದ ಪ್ರತಿ ಸಂಕ್ರಾಂತಿಗೆ ಕೊರ್ಲಹಳ್ಳಿಯ ಹೊಳೆದಂಡೆಯಲ್ಲಿ ಸೇರಿ, ಬುತ್ತಿ ಬಿಚ್ಚಿ, ಒಂದೇ ಅರಿವೆಯ ಮೇಲೆ ರೊಟ್ಟಿ ಮುರಿಯುವುದು ನಮ್ಮ ಪದ್ಧತಿ. ಹೋದ ವರ್ಷ ಯಾರ ತಲೆಯಲ್ಲಿ ಹೊಕ್ಕಿತೋ, ‘ಹೊಳೆ ಸಾಕು, ಸಮುದ್ರ ನೋಡೋಣ’ ಎಂದಾಯಿತು. ಯಾರ ತಲೆಯಲ್ಲಿ ಎಂದು ಸುಮ್ಮನೆ ಅಂದೆ. ನನ್ನ ತಲೆಯಲ್ಲೇ. ಆರು ತಿಂಗಳು ಮೊಬೈಲಿನಲ್ಲಿ ಥಾಯ್ಲೆಂಡಿನ ಅಡುಗೆ ನೋಡಿ ನೋಡಿ, ನಾನು ಅಲ್ಲಿಯೇ ಹುಟ್ಟಬೇಕಿದ್ದವನು, ವಿಳಾಸ ತಪ್ಪಿ ಬೆಟಗೇರಿಗೆ ಬಂದೆ ಎಂಬ ಭಾವನೆ ಬಂದಿತ್ತು.

ಹೊರಡುವ ಮುಂಚೆ ಒಂದು ಕಾಯಿದೆ ಮಾಡಿದೆ: ಬುತ್ತಿ ಕಟ್ಟಬಾರದು.

“ನಿಮ್ಮೂರ ಬಾಜೂಕಿನ ಮಾಗಡಿ ಕೆರಿಗೆ ಹಿಮಾಲಯ ದಾಟಿ ಹಕ್ಕಿ ಬರ್ತಾವು. ಅವು ಬುತ್ತಿ ಕಟ್ಟಿಕೊಂಡು ಬರ್ತಾವೇನಲೇ?” ಎಂದು ಕೇಳಿದೆ. ಇಂಥ ಮಾತು ಹೊಳೆದಾಗ ನನಗೆ ನನ್ನ ಮೇಲೆಯೇ ಪ್ರೀತಿ ಬರುತ್ತದೆ.

“ಇಲ್ಲ,” ಎಂದ ರಾಜೇಸಾಬ. “ಬಂದು ನಮ್ಮ ಹೊಲದಾಗಿನ ಶೇಂಗಾ ತಿಂತಾವು.”

ವಿಮಾನ ನಿಲ್ದಾಣದಲ್ಲಿ ಅವನ ಚೀಲದಿಂದ ಈ ಡಬ್ಬಿ ಹೊರಬಿತ್ತು. ಅವನ ಹೆಂಡತಿ ಮಾಬೂಬಿ ವೈನಿ ಇಪ್ಪತ್ತು ಕಡಕ್ ರೊಟ್ಟಿ ಮತ್ತು ಒಂದು ಪೊಟ್ಟಣ ಶೇಂಗಾ ಚಟ್ನಿ ಇಟ್ಟಿದ್ದರು. ನಾನು ಎಲ್ಲರೆದುರು ಹಳ್ಳಿ ಬುದ್ಧಿ ಎಂದು ಹಂಗಿಸಿದೆ. ಅವನು ಸಿಟ್ಟಾಗಲಿಲ್ಲ. “ಹೊಳಿ ದಂಡ್ಯಾಗ ತಿಂದೀವಿ, ಸಮುದ್ರದ ದಂಡ್ಯಾಗ ಒಮ್ಮೆ ಕೂಡಿ ತಿನ್ನೂಣು ದೋಸ್ತ. ಕಡೀ ದಿನ ಬಿಚ್ಚೂಣು. ಅಲ್ಲೀತನಾ ಯಾರೂ ಮುಟ್ಟಬ್ಯಾಡ್ರಿ,” ಎಂದಷ್ಟೇ ಹೇಳಿದ.

ಥಾಯ್ಲೆಂಡಿನ ಕ್ರಾಬಿಯ ಸಮುದ್ರದ ಬಗ್ಗೆ ನಾನು ವರ್ಣನೆ ಮಾಡುವುದಿಲ್ಲ. ನೀರು ನೀಲಿ, ಮರಳು ಬಿಳಿ, ನಮ್ಮ ಮೂವರ ಹೊಟ್ಟೆಗಳು ಹೊರಗೆ. ಈರಪ್ಪ ಮೊಣಕಾಲು ಮಟ್ಟದ ನೀರಲ್ಲಿ ನಿಂತು, “ಇಷ್ಟ ನೀರು ನಮ್ಮ ಮುಂಡರಗಿಗೆ ಇದ್ದಿದ್ರ…” ಎಂದು ಶುರುಮಾಡಿ, ಬಾಯಿಗೆ ತೆರೆ ಬಡಿದು ಉಪ್ಪೆಂದು ತಿಳಿದ ಮೇಲೆ ಆ ಮಾತು ಬಿಟ್ಟ.

ತೊಂದರೆ ಬಂದದ್ದು ಊಟಕ್ಕೆ. ರಾಜೇಸಾಬನಿಗೆ ಅಲ್ಲಿ ಏನೂ ಸೇರುವುದಿಲ್ಲ, ಅವನನ್ನು ನಾನೇ ಸಂಭಾಳಿಸಬೇಕು ಎಂದುಕೊಂಡು ಹೋಗಿದ್ದೆ. ಆದರೆ ಅದು ಮುಸಲ್ಮಾನರು ಬಹಳ ಇರುವ ಸೀಮೆ. ದಂಡೆಯ ಮೇಲೆ ತಲೆಗೆ ವಸ್ತ್ರ ಸುತ್ತಿಕೊಂಡ ಅಜ್ಜಿಯೊಬ್ಬಳು ಗಾಡಿ ಇಟ್ಟಿದ್ದಳು. ರಾಜೇಸಾಬ ಹೋಗಿ ಸಲಾಂ ಅಂದ. ಆಕೆಯೂ ಸಲಾಂ ಅಂದಳು. ಅಲ್ಲಿಗೆ ಅವನ ಊಟದ ಚಿಂತೆ ಮುಗಿಯಿತು. ಹಸಿ ಪಪ್ಪಾಯಿ ಹೆರೆದು, ಒರಳಿನಲ್ಲಿ ಮೆಣಸಿನಕಾಯಿ, ಶೇಂಗಾ, ಲಿಂಬೆರಸ ಹಾಕಿ ಕುಟ್ಟಿ ಕೊಟ್ಟದ್ದನ್ನು ಬಾಯಿಗಿಟ್ಟು, “ಲೇ, ಇದು ನಮ್ಮ ಕೋಸಂಬರಿನ! ಖರೆ ಹೇಳತೀನಿ!” ಎಂದು ಕುಣಿದ. ಈರಪ್ಪ ಬಾಳೆಹಣ್ಣು, ಎಳನೀರು, ಬಿಳಿ ಅನ್ನದಲ್ಲಿ ಸುಖವಾಗಿದ್ದ. ಥಾಯ್ ಅಡುಗೆಯ ಪಂಡಿತನಾದ ನಾನು ಮಾತ್ರ ಒರಳಿಗೆ ಬಿದ್ದ ಒಣಸೀಗಡಿ ನೋಡಿದೆ, ಎಲ್ಲದರ ಮೇಲೂ ಸುರಿಯುವ ಮೀನಿನ ರಸ ಮೂಸಿದೆ. ನಮ್ಮ ಮನೆಯಲ್ಲಿ ಏಳು ತಲೆಮಾರಿನಿಂದ ಮೊಟ್ಟೆ ಕೂಡ ಒಳಗೆ ಬಂದಿಲ್ಲ. ಮೊಬೈಲಿನಲ್ಲಿ ನೋಡುವಾಗ ವಾಸನೆ ಬರುವುದಿಲ್ಲ ಎಂಬುದು ಆರು ತಿಂಗಳಲ್ಲಿ ನನಗೆ ಹೊಳೆದಿರಲಿಲ್ಲ.

“ಹೆಂಗೈತಿ?” ಎಂದು ಕೇಳಿದರು. “ಅದ್ಭುತ,” ಎಂದೆ, ಎಲೆಕೋಸಿನ ಒಂದು ಎಳೆ ಅಗಿಯುತ್ತ.

ಎರಡನೆಯ ದಿನ ಮಧ್ಯಾಹ್ನ ರಾಜೇಸಾಬ ದಂಡೆಯಲ್ಲಿದ್ದಾಗ ಹೋಟೆಲಿನ ರೂಮಿನಲ್ಲಿ ಡಬ್ಬಿ ತೆರೆದೆ. ಒಂದೇ ರೊಟ್ಟಿ ಎಂದುಕೊಂಡೆ. ಆದರೆ ಕಡಕ್ ರೊಟ್ಟಿಯನ್ನು ಕದ್ದು ತಿನ್ನುವುದು ಎಷ್ಟು ಕಷ್ಟವೆಂದು ತಿಂದವರಿಗೇ ಗೊತ್ತು. ಮುರಿದರೆ ಓಣಿಗೆಲ್ಲ ಕೇಳುತ್ತದೆ. ಮಂಚದ ಮೇಲೆ ಈರಪ್ಪ ಮಲಗಿದ್ದ. ಬಚ್ಚಲಕೋಣೆಗೆ ಹೋಗಿ, ಬಾಗಿಲು ಹಾಕಿ, ನಲ್ಲಿ ಪೂರ್ತಿ ಬಿಟ್ಟು, ಆ ಸದ್ದಿನಲ್ಲಿ ರೊಟ್ಟಿ ಮುರಿದೆ. ಹಾಗೆ ನಾಲ್ಕು ದಿನ ನಡೆಯಿತು. “ಹೊಟ್ಟಿ ಕೆಟ್ಟೈತೇನಲೇ? ಭಾಳ ಹೊತ್ತು ಒಳಗಿರ್ತಿ,” ಎಂದು ರಾಜೇಸಾಬ ಕಾಳಜಿಯಿಂದ ಕೇಳಿದ. ಹೌದೆಂದೆ.

ಕೊನೆಯ ದಿನ ಬಂದೇ ಬಂತು. ರಾಜೇಸಾಬ ಡಬ್ಬಿ ತೆರೆದು ನಿಂತ; ಒಳಗೆ ಗುಡಿಸಿ ಸ್ವಚ್ಛ ಮಾಡಿದಂತಿತ್ತು. ನನ್ನ ಬಾಯಿಂದ ಯಾವ ಘಳಿಗೆಯಲ್ಲಿ ಆ ಮಾತು ಬಂತೋ! “ರೂಮ್ ಗುಡಿಸಾಕಿ ಚೆಲ್ಲಿರಬೇಕು,” ಎಂದೆ.

ಈರಪ್ಪನಿಗೆ ಸಿಟ್ಟು ಮೂಗಿನ ತುದಿಯಲ್ಲೇ. ದಡದಡ ಕೆಳಗಿಳಿದು ಮ್ಯಾನೇಜರನ ಮುಂದೆ ಡಬ್ಬಿ ಬಡಿದ. ಆತ ಆ ಹೆಣ್ಣುಮಗಳನ್ನು ಕರೆಸಿದ. ನನ್ನ ಮಗಳ ವಯಸ್ಸು. ಕೈಯಲ್ಲಿ ಒದ್ದೆ ಬಟ್ಟೆ. ಅವಳ ಭಾಷೆ ನಮಗೆ ಬಾರದು, ನಮ್ಮದು ಅವಳಿಗೆ ಬಾರದು. ಆದರೆ ತಾನು ಮುಟ್ಟಿಲ್ಲವೆಂದು ಎರಡೂ ಕೈ ಅಲ್ಲಾಡಿಸುವುದು ಯಾವ ಭಾಷೆಯಲ್ಲಾದರೂ ಒಂದೇ. ಮ್ಯಾನೇಜರನ ದನಿ ಏರಿತು, ಅವಳ ಕಣ್ಣು ತುಂಬಿತು. ನಾನು ಗೋಡೆಯ ಮೇಲಿನ ದೋಣಿಯ ಚಿತ್ರ ನೋಡುತ್ತ ನಿಂತಿದ್ದೆ. ನನಗೆ ನಾಚಿಕೆಯಾಗುತ್ತಿತ್ತು, ಆದರೆ ಬಾಯಿ ತೆರೆಯುವಷ್ಟು ಆಗಿರಲಿಲ್ಲ.

ಆಗ ರಾಜೇಸಾಬ ಮುಂದೆ ಬಂದ. ತನ್ನ ಎದೆ ಮುಟ್ಟಿಕೊಂಡ, ಬಾಯಿಗೆ ಕೈ ಒಯ್ದು ತಿಂದಂತೆ ಮಾಡಿ ತೋರಿಸಿದ, ಹೊಟ್ಟೆ ಸವರಿಕೊಂಡ. “ನಾನ ತಿಂದೀನಿ ಈರಪ್ಪ. ಮರತಿದ್ದೆ. ಬಿಡು,” ಎಂದ. ಮ್ಯಾನೇಜರ ನಕ್ಕ, ಅವಳು ಕಣ್ಣೊರೆಸಿಕೊಂಡು ನಕ್ಕಳು, ಈರಪ್ಪ ಅವನನ್ನು ಹೊಟ್ಟೆಬಾಕ ಎಂದು ಬೈದ. ರಾಜೇಸಾಬ ನನ್ನ ಕಡೆ ನೋಡಲೇ ಇಲ್ಲ. ಮೊದಲೇ ಗೊತ್ತಿದ್ದವನು ಮಾತ್ರ ಹಾಗೆ ನೋಡದೆ ಇರಬಲ್ಲ.

ಗದಗಿನ ಬಸ್ ನಿಲ್ದಾಣದಲ್ಲಿ ಬೇರೆಯಾಗುವಾಗ ಡಬ್ಬಿಯನ್ನು ನನ್ನ ಕೈಗಿಟ್ಟ. “ಇದನ್ನ ನೀನ ನಮ್ಮ ಮನಿಗೆ ಮುಟ್ಟಿಸು,” ಎಂದು ಲಕ್ಷ್ಮೇಶ್ವರದ ಬಸ್ ಹತ್ತಿದ. ಅಷ್ಟೇ ಅವನ ಸಿಟ್ಟು. ಮುಂದಿನ ತಿಂಗಳು ಸಂಕ್ರಾಂತಿ ಬಂತು. ನನಗೆ ನೆಗಡಿ, ಅವನಿಗೆ ಹೊಲಿಗೆಯ ಅವಸರ. ಇಷ್ಟು ವರ್ಷಗಳಲ್ಲಿ ಮೊದಲ ಸಲ ಕೊರ್ಲಹಳ್ಳಿಗೆ ಯಾರೂ ಹೋಗಲಿಲ್ಲ. ಆಮೇಲೆ ಫೋನೂ ನಿಂತಿತು. ಇಪ್ಪತ್ತು ರೊಟ್ಟಿಗೆ ಇಂಥ ಗೆಳೆಯನನ್ನು ಕಳೆದುಕೊಂಡೆ ಎಂಬ ಸಂಕಟ ಡಬ್ಬಿಯ ಹಿಂದೆಯೇ ಹಲಗೆ ಏರಿ ಕೂತಿತ್ತು.

“ಪಂಚಮಿ ಉಂಡಿ ಹಾಕಿ ಕೊಟ್ಟು ಬರ್ರಿ, ಆತು,” ಎಂದಳು ಹೆಂಡತಿ.

“ಉಂಡಿ ಬ್ಯಾಡ. ರೊಟ್ಟಿ ಬಡಿಯೂದು ಕಲಿಸು,” ಎಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು.

ಪಂಚಮಿಯ ಹಿಂದಿನ ದಿನ ನಮ್ಮಲ್ಲಿ ರೊಟ್ಟಿ ಹಬ್ಬ. ಮನೆಮನೆಗೆ ರೊಟ್ಟಿ ಹಂಚುವ ದಿನ. ಮೂರು ದಿನ ಮೊದಲೇ ಒಲೆ ಮುಂದೆ ಕೂತೆ. ಒಂದು ರೊಟ್ಟಿಯೂ ದುಂಡಗಾಗಲಿಲ್ಲ. ಹರಿದವನ್ನು, ಸುಟ್ಟವನ್ನು ತೆಗೆದರೆ ಆರು ಉಳಿದವು. ಅವನ್ನೇ ಒಣಗಿಸಿ, ಡಬ್ಬಿಗೆ ಹಾಕಿ, ಹಬ್ಬದ ದಿನ ಬಸ್ ಹತ್ತಿದೆ. ಮುಳಗುಂದ ದಾಟುವಷ್ಟರಲ್ಲಿ ಅವುಗಳಲ್ಲೂ ಎರಡು ಪುಡಿಯಾದವು.

ರಾಜೇಸಾಬ ಮಶಿನ್ ತುಳಿಯುತ್ತಿದ್ದ. ನನ್ನನ್ನು ನೋಡಿ ಕಾಲು ನಿಧಾನ ಮಾಡಿದ, ನಿಲ್ಲಿಸಲಿಲ್ಲ. ಒಳಗಿಂದ ಬಂದ ಮಾಬೂಬಿ ವೈನಿ, “ಬರ್ರಿ ಅಣ್ಣಾರ, ಕುಂಡ್ರಿ,” ಎಂದರು. ಕುಂಡ್ರಲಿಲ್ಲ. ನಿಂತೇ ಎಲ್ಲ ಹೇಳಿದೆ: ರೊಟ್ಟಿ, ಈರಪ್ಪನ ನಿದ್ದೆ, ನಲ್ಲಿ, ಆ ಹೆಣ್ಣುಮಗಳ ಕಣ್ಣೀರು. ಮಶಿನ್ ನಿಂತಿತು.

“ಹೌದಾ?” ಎಂದರು ವೈನಿ, ಗಂಡನ ಕಡೆ ತಿರುಗಿ. “ಮತ್ತ ನೀವು, ರೊಟ್ಟಿ ಭಾಳ ಛಲೋ ಆಗಿದ್ವು, ಎಲ್ಲಾ ನಾನ ತಿಂದೆ ಅಂತ ಎಂಟು ತಿಂಗಳಿಂದ ಹೊಗಳಾಕತ್ತೀರಿ?”

ನನ್ನ ಮಾನ ಅವನು ಮನೆಯೊಳಗೂ ಕಾಯ್ದಿದ್ದ. ಅವನು ಎದ್ದು ಬಂದು ಡಬ್ಬಿಯಿಂದ ನನ್ನ ರೊಟ್ಟಿಯ ಒಂದು ತುಂಡು ತೆಗೆದು ಬಾಯಿಗಿಟ್ಟ. ಬಹಳ ಹೊತ್ತು ಅಗಿದ.

“ಇವನ್ನ ಅಲ್ಲಿಗೆ ಒಯ್ದಿದ್ರ,” ಎಂದ, “ಯಾರೂ ಕದೀತಿದ್ದಿಲ್ಲಲೇ.”

ಆ ‘ಲೇ’ ಕೇಳಿ ಎಂಟು ತಿಂಗಳಾಗಿತ್ತು. ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ ತಿಳಿಯದೆ ಕಟ್ಟೆಯ ಮೇಲೆ ಕೂತುಬಿಟ್ಟೆ. “ಆ ಹುಡುಗಿಗೆ ಏನ ಮಾಡೂದು?” ಎಂದು ಕೇಳಿದೆ. ಅವಳಿಗೆ ತಿರುಗಿ ಕೊಡಬೇಕಾದ ಡಬ್ಬಿ ನನ್ನಿಂದ ಇನ್ನೂ ತುಂಬಿಲ್ಲ.

ಹೊರಡುವಾಗ ವೈನಿ ಡಬ್ಬಿಯನ್ನು ತಿರುಗಿ ನನ್ನ ಕೈಗಿಟ್ಟರು. ಖಾಲಿ ಕಳಿಸುವ ಜನ ಅವರಲ್ಲ; ಭಾರವಾಗಿತ್ತು. ಮುಚ್ಚಳ ಒತ್ತಿ ಹಾಕುತ್ತ ಅಂದರು: “ಅಣ್ಣಾರ, ಈ ಸಲ ನಲ್ಲಿ ಬಂದ್ ಮಾಡಿ ತಿನ್ರಿ.”

ಇದನ್ನು ಬರೆಯುತ್ತಿರುವಾಗ ಡಬ್ಬಿ ನನ್ನ ಮುಂದಿದೆ. ಈಗಷ್ಟೇ ಒಂದು ರೊಟ್ಟಿ ಮುರಿದೆ. ಅಡುಗೆಮನೆಯಿಂದ ಹೆಂಡತಿ, “ಏನ್ರೀ ಅದು ಸದ್ದು?” ಎಂದು ಕೂಗಿದಳು.

“ನಾನ, ರೊಟ್ಟಿ ತಿನ್ನಾಕತ್ತೀನಿ,” ಎಂದೆ, ಓಣಿಗೆಲ್ಲ ಕೇಳುವ ಹಾಗೆ.