ಎರಡು ಪೊಟ್ಟಣ, ಒಂದೇ ಬಣ್ಣ

ಹಾಕಿದ ಬೀಗವನ್ನು ಎಳೆದು ನೋಡುವವರಲ್ಲಿ ಎರಡು ವರ್ಗ: ಒಮ್ಮೆ ಎಳೆದು ನಂಬಿ ನಡೆದುಬಿಡುವವರು, ಬೀದಿಯ ತಿರುವಿನವರೆಗೂ ಹೋಗಿ ಹಿಂದಿರುಗಿ ಬಂದು ಮತ್ತೊಮ್ಮೆ ಎಳೆಯುವವರು. ಓದುಗರೇ, ನಾನು ಎರಡನೆಯ ವರ್ಗದ ಹಿರಿಯ ಸದಸ್ಯ. ಸಿಂಗಾನಲ್ಲೂರಿನ ಗಿರಣಿಯೊಂದರಲ್ಲಿ ಮೂವತ್ತು ವರ್ಷ ನೂಲಿನ ಗುಣಪರೀಕ್ಷೆ ಮಾಡಿ, ಎಳೆದು ನೋಡದೆ ಯಾವುದನ್ನೂ ನಂಬಬಾರದೆಂಬ ತತ್ತ್ವವನ್ನು ಸಂಬಳಸಮೇತ ಸಂಪಾದಿಸಿದವನು.

ಇಂಥವನ ಹೆಂಡತಿ ರುಕ್ಮಿಣಿಯ ಹೃದಯದ ಕವಾಟವೊಂದು ಸರಿಯಾಗಿ ಮುಚ್ಚುತ್ತಿಲ್ಲವೆಂದು ಕಳೆದ ವರ್ಷ ವೈದ್ಯರು ಹೇಳಿದರು. ಎಳೆದು ನೋಡಲು ನನ್ನ ಕೈಗೆಟುಕದ ಜಾಗ. ಶಸ್ತ್ರಚಿಕಿತ್ಸೆ ತಡವಾದರೆ ಕೈಮೀರುತ್ತದೆ ಎಂದೂ ಸೇರಿಸಿದರು. ರುಕ್ಮಿಣಿ ಮಾತ್ರ ಸಾವಧಾನವಾಗಿ, "ಊರಲ್ಲಿ ಅಮ್ಮನ್ನ ಹೂ ಕೇಳ್ದೆ ನಾ ಒಪ್ಪಲ್ಲ," ಎಂದಳು.

ಊರೆಂದರೆ ಮಡತ್ತುಕುಳಂ, ಅವಳ ತವರು; ಅಮ್ಮನೆಂದರೆ ಅಲ್ಲಿಯ ದೇವಿ. ಹೂ ಕೇಳುವುದೆಂದರೆ, ಬಿಳಿಯ ಹೂವೊಂದನ್ನೂ ಕೆಂಪಿನದೊಂದನ್ನೂ ಬೇರೆ ಬೇರೆ ಎಲೆಯಲ್ಲಿ ಒಂದೇ ಥರ ಮಡಿಚಿ ದೇವಿಯ ಮುಂದಿಡುವುದು. ಪೂಜಾರಿ ಎತ್ತಿದ ಪೊಟ್ಟಣದಲ್ಲಿ ಬಿಳಿ ಇದ್ದರೆ ಸಮ್ಮತಿ, ಕೆಂಪಾದರೆ ಇಲ್ಲ. ಅಂದರೆ ಅರ್ಧಕ್ಕರ್ಧ ಅಪಾಯ. ಅಷ್ಟು ದೋಷವಿದ್ದ ನೂಲನ್ನು ನಾನೆಂದೂ ಗಿರಣಿಯ ಗೇಟು ದಾಟಿಸಿದವನಲ್ಲ. ಪೊಟ್ಟಣ ಕಟ್ಟುವ ಪುಣ್ಯಕಾರ್ಯವನ್ನು ಪರಮಭಕ್ತಿಯಿಂದ ನಾನೇ ವಹಿಸಿಕೊಂಡು, ಎರಡರಲ್ಲೂ ಬಿಳಿ ಕಣಗಿಲೆಯನ್ನೇ ಇಟ್ಟು, ಕೆಂಪನ್ನು ಅಂಗಿಯ ಜೇಬಿಗೆ ಸೇರಿಸಿದೆ. ದೇವಿಗೆ ಆಯ್ಕೆಯೇ ಇಲ್ಲದಂತೆ ಮಾಡಿದ ಮೇಲೂ, ಪೂಜಾರಿ ಎಲೆ ಬಿಚ್ಚುವಾಗ ನಾನು ಕತ್ತು ಚಾಚಿ ನೋಡಿದ್ದೇಕೆಂದು ಇಂದಿಗೂ ತಿಳಿದಿಲ್ಲ. ಬಿಳಿ ಬಂತು. ಇನ್ನೊಂದು ಪೊಟ್ಟಣ ಪದ್ಧತಿಯಂತೆ ಬಿಚ್ಚದೆಯೇ ಅಮರಾವತಿ ಹೊಳೆಯ ನೀರಿಗೆ ಹೋಯಿತು. ಜೊತೆಗೆ ಸಾಕ್ಷ್ಯವೂ ಹೋಯಿತೆಂದು ನಾನು ನೆಮ್ಮದಿಗೊಂಡೆ.

ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ, ಒಳಗೆ ಕರೆದೊಯ್ಯುವ ಮುನ್ನ, ಗಾಲಿಮಂಚದ ಮೇಲಿಂದ ಅವಳು ತವರಿನ ರೂಢಿಯಂತೆ ನನ್ನನ್ನು ಕರೆದು ಹೇಳಿದಳು:

"ಏನುಂಗ, ಅವತ್ತಿನ ಅಂಗಿ ಒಗೆಯಕ್ಕೆ ಹಾಕೋವಾಗ ಜೇಬಲ್ಲಿ ಕೆಂಪು ಹೂ ಸಿಕ್ತು."

"ತಪ್ಪಾಯ್ತು ರುಕ್ಕು. ನೀನು ಬೇಡ ಅಂದ್ರೆ ಈಗ್ಲೂ ಬೇಡ. ಡಾಕ್ಟ್ರ ಹತ್ರ ನಾನೇ ಹೇಳ್ತೀನಿ."

"ಸುಮ್ನಿರಿ. ಇಷ್ಟು ವರ್ಷದಲ್ಲಿ ನನಗೋಸ್ಕರ ಒಂದಾದ್ರೂ ತಪ್ಪು ಕೆಲಸ ಮಾಡಿದ್ರಾ ನೀವು? ಇದೇ ಮೊದಲು. ನಂಗೆ ಅದೇ ಉತ್ತರ ಸಾಕು. ಹೋಗಿ ಏನಾದ್ರೂ ತಿನ್ನಿ."

ದೋಷ ಕಣ್ಣಿಗೆ ಬಿದ್ದ ಮೇಲೂ ಮಾಲನ್ನು ಒಪ್ಪಿಕೊಳ್ಳುವ ಪರೀಕ್ಷಕರನ್ನು ನನ್ನ ವೃತ್ತಿಜೀವನದಲ್ಲಿ ಕಂಡಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ ಸಿಗುವ ಸರ್ಟಿಫಿಕೇಟನ್ನೇ ನಂಬಿಕೆಯೆಂದು ತಿಳಿದಿದ್ದವನು ನಾನು; ಅವಳು ನಗುತ್ತಲೇ ಒಳಗೆ ಹೋದಳು. ಇನ್ನು ನನ್ನ ಕೈಯಲ್ಲಿ ಮಡಿಚಲು ಎಲೆಯೂ ಇರಲಿಲ್ಲ, ಬಚ್ಚಿಡಲು ಹೂವೂ ಇರಲಿಲ್ಲ. ಹೇಳಿದಂತೆ ಕ್ಯಾಂಟೀನಿಗೆ ಹೋಗಿ ನಾಲ್ಕು ಇಡ್ಲಿ ತಿಂದು, ಬಾಗಿಲೆದುರಿನ ಬೆಂಚಿನಲ್ಲಿ ಕುಳಿತೆ. ಎಲ್ಲ ಸುಸೂತ್ರವಾಗಿ ಮುಗಿಯಿತೆಂದು ಹೇಳಲು ಬಂದ ನರ್ಸು ನನ್ನ ಭುಜ ಅಲ್ಲಾಡಿಸಬೇಕಾಯಿತು.

ಎರಡು ದಿನದ ಮೇಲೆ, ಒಣಗಿದ ಗಂಟಲಲ್ಲಿ ರುಕ್ಮಿಣಿ ವಿಚಾರಣೆ ಆರಂಭಿಸಿದಳು: "ನನ್ನ ಎದೆ ಕೊಯ್ತಿದ್ರೆ ನೀವು ಹೊರಗೆ ಗೊರಕೆ ಹೊಡ್ಕೊಂಡು ತೂಂಗ್ತಿದ್ರಂತೆ?"

"ಹೌದು," ಎಂದೆ.

"ನಾಚಿಕೆ ಆಗ್ಲಿಲ್ವಾ?"

"ಇಲ್ಲ," ಎಂದೆ.