ಆಯೇರಿಗೆ ಎದ್ದು ನಿಂತ ಹೆಣ

ಶೇವಂತಾ ಭೋಜಕರ್ ಸಾಯುವುದನ್ನು ನೋಡಲು ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು.

ಎಂಬತ್ತರ ದಶಕದಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಊರ ಗಂಡಸರೇ ಕೂಡಿ ಸಾಮಾಜಿಕ ನಾಟಕ ಆಡುತ್ತಿದ್ದರು. ಹೆಣ್ಣುಪಾತ್ರಕ್ಕೆ ಮಾತ್ರ ಹೊರಗಿನಿಂದ ನಟಿಯನ್ನು ಕರೆಸುವುದು ವಾಡಿಕೆ. ತಿಂಗಳುಗಟ್ಟಲೆ ತಾಲೀಮು ಮಾಡಿದ ನಾಯಕ ರಂಗದ ಮೇಲೆ ಮಾತು ಮರೆತು ನಿಲ್ಲುತ್ತಿದ್ದ. ಮಧ್ಯಾಹ್ನದ ಬಸ್ಸಿಗೆ ಬಂದಿಳಿದ ಶೇವಂತಾ ತನ್ನ ಮಾತನ್ನೂ ಅವನ ಮಾತನ್ನೂ ತಾನೇ ಆಡಿ, ಕೊನೆಯ ಅಂಕದಲ್ಲಿ ವಿಷ ಕುಡಿದು ಸಾಯುತ್ತಿದ್ದಳು. ಕೊಗನೊಳ್ಳಿಯಲ್ಲಿ ಮರಾಠಿಯಲ್ಲಿ, ರಾಯಬಾಗದಲ್ಲಿ ಕನ್ನಡದಲ್ಲಿ. ಸಾವಿನ ನರಳಾಟ ಎರಡೂ ಕಡೆ ಒಂದೇ.

ಸತ್ತರೂ ಅವಳಿಗೆ ಬಿಡುವಿರಲಿಲ್ಲ. ನಟಿ ಮನಸ್ಸು ಕರಗಿಸಿದಳೆಂದರೆ ನೋಡುಗರು ಆ ಗಳಿಗೆಯಲ್ಲೇ ರಂಗವೇರಿ ಸೀರೆಯನ್ನೋ ರವಿಕೆಯ ಖಣವನ್ನೋ ಉಡುಗೊರೆಯಾಗಿ ಕೊಡಬೇಕು. ಅದಕ್ಕೆ ಆಯೇರಿ ಎಂದು ಹೆಸರು. ಕೊಡುವವರ ಊರು, ಹೆಸರು ಎಲ್ಲರಿಗೂ ಕೇಳುವಂತೆ ಸಾರಿ ಮುಗಿಯುವವರೆಗೆ ನಾಟಕ ನಿಲ್ಲಬೇಕು. ಪಡೆಯುವವರು ಎದ್ದು ನಿಂತೇ ಪಡೆಯಬೇಕು, ಹೆಣವಾಗಿದ್ದರೂ ಸರಿ. ಶೇವಂತಾ ಎದ್ದು, ಸೆರಗು ಸರಿಪಡಿಸಿಕೊಂಡು, ಕೈಮುಗಿದು ಆಯೇರಿ ತೆಗೆದುಕೊಂಡು, ಬಿಟ್ಟಿದ್ದ ಭಂಗಿಯಲ್ಲೇ ಮತ್ತೆ ಸಾಯುತ್ತಿದ್ದಳು. ಕೊಗನೊಳ್ಳಿಯ ಜನ ಅವಳನ್ನು ಒಂದೇ ಅಂಕದಲ್ಲಿ ಎಷ್ಟೋ ಸಲ ಎಬ್ಬಿಸಿದರೆಂದು ಸುತ್ತಲೂ ಸುದ್ದಿಯಾಗಿತ್ತು.

ಇಷ್ಟು ಜನ ನೋಡಿದರೂ ಅವಳಿಗೆ ನೋಡಬೇಕೆನಿಸಿದ ಒಬ್ಬಳು ನೋಡಿರಲಿಲ್ಲ: ತಾಯಿ ಅಕ್ಕುತಾಯಿ. ಭೋಜ ಎಂಬ ಊರಿನಲ್ಲಿ ಬೀಡಿ ಕಟ್ಟಿ ಮಗಳನ್ನು ಬೆಳೆಸಿದವಳು. ಮಗಳು ಮೊದಲ ಸಲ ಬಣ್ಣ ಹಚ್ಚಿದಾಗಲೇ ಆಣೆ ಇಟ್ಟಿದ್ದಳು.

"ನೀ ಕುಣಿಯೂ ಕಟ್ಟೀ ಮುಂದ ನಾ ಕುಂಡ್ರಂಗಿಲ್ಲ. ಜೀವ ಹೋದ್ರೂ ಕುಂಡ್ರಂಗಿಲ್ಲ."

ಆದರೆ ಸಿನಿಮಾದ ಮಾತೇ ಬೇರೆ. ಶುಕ್ರವಾರ ಹೊಸ ಚಿತ್ರ ಬಂತೆಂದರೆ ಅಕ್ಕುತಾಯಿ ನಿಪ್ಪಾಣಿಯ ಟಾಕೀಜಿನ ಮೊದಲ ಸಾಲಿನಲ್ಲಿ ಹಾಜರು. "ಪಡದೇ ಮ್ಯಾಗಿನವ್ರಿಂದ ಯಾರ ಮರ್ಯಾದಿನೂ ಹೋಗಂಗಿಲ್ಲ" ಎನ್ನುವುದು ಅವಳ ಸಿದ್ಧಾಂತ. ಹಾಗಿದ್ದರೆ ತಾನು ಪರದೆಯ ಮೇಲೇ ಹೋಗಿ ಕುಳಿತರಾಯಿತು ಎಂದು ಶೇವಂತಾ ನಿಶ್ಚಯಿಸಿದಳು.

೧೯೮೮ರಲ್ಲಿ ಅಲಖನೂರಿನ ಕಬ್ಬಿನ ಹೊಲಕ್ಕೆ ಬೆಂಗಳೂರಿನಿಂದ ಚಿತ್ರತಂಡವೊಂದು ಬಂದಿತು. ಶೇವಂತಾಳಿಗೆ ನಾಯಕನ ಅಕ್ಕನ ಪಾತ್ರ ದೊರೆಯಿತು. ಒಂದೇ ದೃಶ್ಯ: ಬದುವಿನ ಮೇಲೆ ಹಾವು ಕಚ್ಚಿ ಸಾಯುವುದು. ಕ್ಯಾಮೆರಾ ತಿರುಗಿತು, ಶೇವಂತಾ ಸತ್ತಳು. ಅವಳು ಸಾಯುವ ಸುದ್ದಿ ತಿಳಿದು ಮನೆಯಿಂದಲೇ ಸೀರೆ ತಂದಿದ್ದ ಹೊಲದ ಯಜಮಾನ ಧರೆಪ್ಪ ಕಣ್ಣೊರೆಸಿಕೊಂಡು ಕ್ಯಾಮೆರಾದ ಮುಂದೆ ಬಂದು ನಿಂತ.

"ಅಲಖನೂರ ಧರೆಪ್ಪನ ಕಡಿಂದ ಒಂದ ಹಸರ ಸೀರಿ!"

ಹೆಣ ಎದ್ದು ನಿಂತಿತು. ಕೈಮುಗಿದು ಸೀರೆ ಪಡೆದು, ಮತ್ತೆ ಮಲಗಿ ಸತ್ತಿತು.

"ಕಟ್! ಏನಮ್ಮಾ ಇದು, ಸತ್ತೋರು ಎದ್ದೇಳ್ತಾರಾ?" ಎಂದು ನಿರ್ದೇಶಕ ಕೂಗಿದ.

"ಆಯೇರಿ ಬಂತಲ್ರಿ ಸಾಹೇಬ್ರ," ಎಂದಳು ಶೇವಂತಾ, ಕಣ್ಣು ತೆರೆಯದೆ. "ಮಲಕೊಂಡ ತಗೊಂಡ್ರ ಕೊಟ್ಟವರಿಗೆ ಅಪಮಾನ ಆಗತೈತಿ."

"ಈಯಮ್ಮ ಬೇಡ. ಬೇರೆಯವರನ್ನ ಕರೆಸಿ."

ಶೇವಂತಾ ದಡಕ್ಕನೆ ಎದ್ದು ಕುಳಿತಳು. ಟಾಕೀಜಿನ ಮೊದಲ ಸಾಲು, ಅಲ್ಲಿ ತಲೆಯೆತ್ತಿ ಕುಳಿತ ತಾಯಿ, ಎಲ್ಲವೂ ಕೈಜಾರುತ್ತಿತ್ತು. ಕಾಪಾಡಿದವನು ಕೆಡಿಸಿದವನೇ.

"ಹೊಲ ನಂದ ಐತ್ರಿ," ಎಂದ ಧರೆಪ್ಪ. "ಆಕಿ ಸಾಯಂಗಿಲ್ಲಂದ್ರ ಇಲ್ಲಿ ಯಾರೂ ಸಾಯೂದ ಬ್ಯಾಡ."

ನಿರ್ದೇಶಕನಿಗೆ ಹೊಲ ಬೇಕಾಗಿತ್ತು. ಸ್ವತಃ ದೇವರು ಬಂದು ಆಯೇರಿ ಮಾಡಿದರೂ ಏಳುವುದಿಲ್ಲ ಎಂದು ಶೇವಂತಾಳಿಂದ ಮಾತು ತೆಗೆದುಕೊಂಡ. ಈ ಸಲ ಕೆಂಪಿರುವೆ ಮೂಗಿನ ಮೇಲೆ ಹರಿದರೂ ಅವಳು ಮಿಸುಕಲಿಲ್ಲ.

ಮರುವರ್ಷ ಚಿತ್ರ ನಿಪ್ಪಾಣಿಗೆ ಬಂದಿತು. ಮಗಳು ತಾಯಿಗೆ ಹೇಳಿರಲಿಲ್ಲ; ಆದರೆ ಊರೆಲ್ಲ ಹೇಳಿತ್ತು. ಅಕ್ಕುತಾಯಿ ಎಂದಿನಂತೆ ಮೊದಲ ಸಾಲಿನಲ್ಲಿ ಕುಳಿತಳು. ಶೇವಂತಾ ಕೊನೆಯ ಸಾಲಿನಲ್ಲಿ ಅಡಗಿ, ಸಿನಿಮಾ ಬಿಟ್ಟು ತಾಯಿಯ ತುರುಬನ್ನೇ ನೋಡುತ್ತಿದ್ದಳು. ಪರದೆಯ ಮೇಲೆ ಹಾವು ಕಚ್ಚಿತು. ನಾಯಕನ ಅಕ್ಕ ನರಳಿ ಸತ್ತಳು.

ತುರುಬು ಮೇಲೆದ್ದಿತು. ಅಕ್ಕುತಾಯಿ ಪರದೆಯ ಬುಡಕ್ಕೆ ನಡೆದು, ಸೊಂಟದಲ್ಲಿ ಸಿಕ್ಕಿಸಿದ್ದ ಹೊಸ ಖಣವನ್ನು ತೆಗೆದು ಮೇಲೆತ್ತಿ, ಜನರತ್ತ ತಿರುಗಿದಳು.

"ಭೋಜದ ಅಕ್ಕುತಾಯಿ ಕಡಿಂದ ಮಗಳಿಗೆ ಒಂದ ಖಣ!"

ಆಮೇಲೆ ಪರದೆಯತ್ತ ಮುಖವೆತ್ತಿ ಕಾದಳು. ಕೊಟ್ಟ ಮಾತಿನಂತೆ ಪರದೆಯ ಶೇವಂತಾ ಏಳಲಿಲ್ಲ.

"ಏಳ ಬೇ ಶೇವಂತಾ! ನಿಮ್ಮವ್ವ ನಿಂತಾಳ!" ಎಂದು ಯಾರೋ ಕೂಗಿದರು.

"ಸಿನಿಮಾ ನಿಂದ್ರಸ್ರಲೇ! ಆಯೇರಿ ನಡದೈತಿ!"

ಚಿತ್ರ ನಿಂತಿತು, ದೀಪ ಹತ್ತಿತು. ಹಿಂದಿನ ಸಾಲಿನಿಂದ ಓಡಿಬಂದ ಶೇವಂತಾ ಸೆರಗು ಸರಿಪಡಿಸಿಕೊಂಡು, ಕೈಮುಗಿದು ಖಣ ತೆಗೆದುಕೊಂಡಳು. ಟಾಕೀಜು ಸೀಟಿ ಹೊಡೆಯಿತು. ರೂಢಿಯ ಬಲದಿಂದ ಅವಳು ಮತ್ತೆ ಮಲಗಿ ಸಾಯಲು ಜಾಗ ಹುಡುಕುವಷ್ಟರಲ್ಲಿ ಅಕ್ಕುತಾಯಿ ರಟ್ಟೆ ಹಿಡಿದೆಳೆದು ಪಕ್ಕದಲ್ಲಿ ಕೂಡಿಸಿಕೊಂಡಳು.

"ಯವ್ವಾ, ಹೆಂಗ ಸತ್ನಿ?"

"ಅಡ್ಡಿಯಿಲ್ಲ. ಕೊಗನೊಳ್ಯಾಗ ಇದಕಿಂತ ಛಲೋ ಸತ್ತಿದ್ದಿ."

ಶೇವಂತಾ ಬೆರಗಾಗಿ ತಾಯಿಯ ಮುಖ ನೋಡಿದಳು. "ಕಟ್ಟೀ ಮುಂದ ಕುಂಡ್ರಂಗಿಲ್ಲಂತ ಆಣಿ ಇಟ್ಟಿದ್ದ್ಯಲ್ಲ?"

"ಎಲ್ಲಿ ಕುಂತೀನಿ? ಎಲ್ಲಾ ಊರಾಗೂ ಹಿಂದ ನಿಂತ ನೋಡೀನಿ, ಕಾಲ ಸೋತ ಬಿದ್ದಾವು," ಎನ್ನುತ್ತ ಅಕ್ಕುತಾಯಿ ಪರದೆಯತ್ತ ಕೈ ಮಾಡಿದಳು. "ಸುಮ್ನಿರ ಈಗ, ಸಿನಿಮಾ ಸುರು ಆತು."