ಜೊತೆಗಿದ್ದವರು ಕಾಯಲು ಒಪ್ಪಲಿಲ್ಲ

ಎರಡನೆಯ ಬಸಿರಿನ ಎಂಟನೇ ತಿಂಗಳಲ್ಲಿ ಹಾಸನದ ಡಾಕ್ಟರಮ್ಮ ನನ್ನ ಹಳೆಯ ಆಪರೇಷನ್ನಿನ ಕಾಗದ ಕೇಳಿದರು. ಹೊಟ್ಟೆಯ ಮೇಲಿನ ಗಾಯ ನೋಡಿ, ಒಳಗೆ ಹೇಗೆ ಕುಯ್ದಿದ್ದಾರೆಂದು ಹೇಳಲಾಗುವುದಿಲ್ಲವಂತೆ. ಅದು ತಿಳಿಯದೆ ನಾರ್ಮಲ್ ಹೆರಿಗೆಗೆ ಬಿಡುವುದಿಲ್ಲ ಎಂದರು. ಶಾಂತಿಗ್ರಾಮದ ನಮ್ಮ ಮನೆಯಲ್ಲಿ ಆ ಕಾಗದ ಇರಲಿಲ್ಲ. ಮೊದಲ ಹೆರಿಗೆ ತವರಿನದಲ್ಲವೇ, ಅದು ನುಗ್ಗೇಹಳ್ಳಿಯಲ್ಲಿ ಅವ್ವನ ಟ್ರಂಕಿನಲ್ಲಿತ್ತು.

ಫೋನು ಮಾಡಿದರೆ ಅವ್ವ ಇಲ್ಲದ ನೆಪ ಹೇಳಿದಳು. "ಇಲಿ ಕಡ್ದಾಕವೆ ಕಣ್ ಮಗ. ಅದ್ಯಾಕೀಗ? ಸುಮ್ಕೆ ಆಪರೇಷನ್ ಮಾಡುಸ್ಕೊ."

ನನ್ನ ಗಂಡನದೂ ಅದೇ ರಾಗ. "ಒಂದ್ಸಲ ಕುಯ್ದಿರೋ ಜಾಗ ಬಿಚ್ಕಂಡ್ರೆ ಏನೇ ಮಾಡಾದು?"

ಹೆರುವವಳು ನಾನು, ತೀರ್ಮಾನ ಮಾಡುವವರು ಇವರು! ನನಗೂ ಹೆದರಿಕೆ ಇಲ್ಲದೆ ಇರಲಿಲ್ಲ. ಆದರೆ ನಾಲ್ಕು ವರ್ಷದಿಂದ ಒಂದು ಸಿಟ್ಟು ಒಳಗೇ ಕೂತಿತ್ತು. "ಕೂಸು ಕೆಳೀಕೆ ಇಳೀನಿಲ್ಲ, ನಿನ್ ಕೈಲಿ ಆಗ್ನಿಲ್ಲ" ಎಂದು ಮೊದಲ ಸಲ ಅವ್ವ ಹೇಳಿದ್ದಳು. ಕೈಲಾಗದವಳು ಅನ್ನಿಸಿಕೊಳ್ಳುವುದು ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ಆ ಆಪರೇಷನ್ ಆದ ಮೇಲೆ ಹಾಲಿನ ಕ್ಯಾನು ಎತ್ತುವುದಿರಲಿ, ನನ್ನ ಕೂಸನ್ನೇ ಎತ್ತಿಕೊಡಲು ಎಷ್ಟೋ ದಿನ ಇನ್ನೊಬ್ಬರು ಬೇಕಾಗಿತ್ತು.

ಬಸ್ಸು ಹತ್ತಿ ನಾನೇ ನುಗ್ಗೇಹಳ್ಳಿಗೆ ಹೋಗಿ ಟ್ರಂಕು ತೆಗೆಸಿದೆ. ಸೀರೆಗಳ ಅಡಿಯಲ್ಲಿ ಕಾಗದ ಇಸ್ತ್ರಿ ಮಾಡಿದಷ್ಟು ನೆಟ್ಟಗಿತ್ತು. ಯಾವ ಇಲಿಯೂ ಮುಟ್ಟಿರಲಿಲ್ಲ. ಅವ್ವ "ನಾನೂ ಬತ್ತೀನಿ" ಎಂದು ಹಾಸನದವರೆಗೂ ಬಂದಳು.

ಡಾಕ್ಟರಮ್ಮ ಓದಿದರು. ಗರ್ಭಕೋಶದ ಕೆಳಭಾಗದಲ್ಲಿ ಅಡ್ಡಕ್ಕೆ ಕುಯ್ದಿದ್ದಾರೆ, ಪ್ರಯತ್ನ ಮಾಡಬಹುದು ಎಂದರು. ಹಳೆಯ ಗಾಯ ಬಿಚ್ಚಿಕೊಳ್ಳುವುದು ಅಪರೂಪ, ಆದರೆ ಬಿಚ್ಚಿದರೆ ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. ಅದಕ್ಕೇ ಥಿಯೇಟರು, ರಕ್ತ ಎರಡನ್ನೂ ಸಿದ್ಧವಿಟ್ಟುಕೊಂಡು ಕಾಯಬೇಕು. ಮತ್ತೆ ಕುಯ್ದರೆ ಅದರ ತೊಂದರೆಗಳೂ ಇದ್ದೇ ಇವೆ. ಇಷ್ಟು ಹೇಳಿ ಕೊನೆಯ ಸಾಲಿಗೆ ಬಂದವರು ಕನ್ನಡಕ ಸರಿಮಾಡಿಕೊಂಡರು.

"ಮಗು ಚೆನ್ನಾಗೇ ಇತ್ತಲ್ಲಮ್ಮ. ಇನ್ನೂ ಸ್ವಲ್ಪ ಹೊತ್ತು ನೋಡ್ಬಹುದಿತ್ತು. ಜೊತೆಗಿದ್ದವರು ಕಾಯಲು ಒಪ್ಪಲಿಲ್ಲ, ಅವರ ಕೋರಿಕೆ ಮೇಲೆ ಆಪರೇಷನ್ ಅಂತ ಬರೆದಿದ್ದಾರೆ."

ಅವತ್ತು ಜೊತೆಗಿದ್ದವಳು ಅವ್ವ ಒಬ್ಬಳೇ. ನನ್ನಿಂದಲೂ ಸೈನ್ ಹಾಕಿಸಿದ್ದರು ನಿಜ, ಆ ನೋವಿನಲ್ಲಿ ಏನೆಂದು ಗೀಚಿದೆನೋ ನನಗೇ ಗೊತ್ತಿಲ್ಲ.

ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಜಗಳ ತೆಗೆದೆ. ಜನ ನಿಂತು ನೋಡಿದರು, ನೋಡಲಿ ಎಂದೇ ಬಾಯಿಗೆ ಬಂದಂತೆ ಅಂದೆ. "ನಾಕ್ ವರ್ಸ ನನ್ ಕೈಲಾಗ್ನಿಲ್ಲ ಅಂತ ನಂಬ್ಸಿದ್ಯಲ್ಲವ್ವ! ನೀನ್ ತಡ್ಯಕ್ಕಾಗ್ದೆ ನನ್ನ ಕುಯ್ಸಿದ್ಯ?"

ಅವ್ವ ಸೆರಗಿನ ಚುಂಗು ತಿರುವುತ್ತಾ ಕೂತಿದ್ದಳು. "ನಿನ್ ದೊಡ್ಡವ್ವ ಎಲ್ಡ್ ದಿನ ಕಿರುಚಿದ್ಲು ಕಣ್ ಮಗ. ನಾನ್ ಬಾಗ್ಲಲ್ಲೇ ಕುಂತಿದ್ದೆ. ಆಮೇಕೆ ಸುಮ್ಕಾದ್ಲು. ಎರ್ಗೆ ಆಯ್ತು ಅನ್ಕಂಡೆ. ಒಳೀಕೋದ್ರೆ ಅವ್ಳೇ ಇರ್ನಿಲ್ಲ. ನೀನ್ ಕಿರುಚ್ತಿದ್ದಾಗ ತಡ್ಕಂಡಿದ್ದೆ. ಇದ್ದಕ್ಕಿದ್ದಂಗೆ ಸುಮ್ಕಾದೆ ನೋಡು, ಆಗ ನನ್ ಕೈಲಿ ಆಗ್ನಿಲ್ಲ."

ಅವ್ವನ ಅಕ್ಕ ಹೆರಿಗೆಯಲ್ಲಿ ತೀರಿಕೊಂಡದ್ದು ಗೊತ್ತಿತ್ತು. ಬಾಗಿಲಲ್ಲಿ ಕೂತು ಕೇಳಿಸಿಕೊಂಡವಳು ಅವ್ವ ಎಂದು ಗೊತ್ತಿರಲಿಲ್ಲ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ, ಸುಳ್ಳೇಕೆ ಹೇಳಲಿ. ನಾರ್ಮಲ್‌ಗೇ ನೋಡುತ್ತೇನೆಂದು ಎಲ್ಲರಿಗೂ ಸಾರಿ, ಅವ್ವನ ಫೋನು ಮಾತ್ರ ಎತ್ತದೆ ದಿನ ತಳ್ಳಿದೆ. ನೋವು ಶುರುವಾದ ಬೆಳಿಗ್ಗೆ ನಾನೇ ಮಾಡಿದೆ. "ಬಾ. ಸೈನ್ ಮಾತ್ರ ಆಕ್ಬ್ಯಾಡ."

ಮಧ್ಯಾಹ್ನ ಗಂಡ ಬ್ಲಡ್ ಬ್ಯಾಂಕಿಗೆ ಹೋಗಿದ್ದ. ಹೆರಿಗೆ ಕೋಣೆಯ ಬಾಗಿಲಾಚೆ, ಬೆಂಚಿನ ಮೇಲೆ ಅವ್ವ ಒಬ್ಬಳೇ. ಮಗುವಿನ ಎದೆಬಡಿತ ತೋರಿಸುವ ಯಂತ್ರವನ್ನು ನನ್ನ ಹೊಟ್ಟೆಗೆ ಕಟ್ಟಿದ್ದರು. ನೋವು ಬಂದಾಗಲೆಲ್ಲ ಇದು ಹೆರಿಗೆಯದೋ, ಹಳೆಯ ಗಾಯದ್ದೋ ಎಂದು ಜೀವ ಬಾಯಿಗೆ ಬರುತ್ತಿತ್ತು. ಒಮ್ಮೆ ಎದೆಬಡಿತ ಇಳಿಯಿತು. ಎಲ್ಲರೂ ಓಡಿ ಬಂದರು. ನನ್ನನ್ನು ಎಡಕ್ಕೆ ಹೊರಳಿಸಿದ ಮೇಲೆ ಮೊದಲಿನಂತಾಯಿತು.

"ಈಗ ಸರಿಯಾಗಿದೆ. ಇನ್ನೊಂದು ಗಂಟೆ ನೋಡ್ಬಹುದು, ಬೇಡ ಅಂದ್ರೆ ಈಗ್ಲೇ ಥಿಯೇಟರ್" ಎಂದರು ಡಾಕ್ಟರಮ್ಮ. ನರ್ಸು ಒಪ್ಪಿಗೆಯ ಕಾಗದ ಹಿಡಿದು ಹೊರಗೆ ಹೋದವಳು ಹಾಗೇ ವಾಪಸು ಬಂದಳು. "ನಿಮ್ಮಮ್ಮ ಪೆನ್ನೇ ಮುಟ್ತಿಲ್ಲ. ಅವ್ಳುನ್ನೇ ಕೇಳಿ ಅಂತಾರೆ."

ಕಾಯುತ್ತೇನೆ ಎಂದೆ.

ಈ ಸಲ ಕಿರುಚಬಾರದೆಂದು ಹಲ್ಲು ಕಚ್ಚಿ ನರಳುತ್ತಲೇ ನೋವು ನುಂಗುತ್ತಿದ್ದೆ. ನೋವು ಬಿಟ್ಟ ನಡುವಿನ ಹೊತ್ತಿನಲ್ಲಿ ಆ ನರಳಾಟವೂ ನಿಂತು ಕೋಣೆ ನಿಶ್ಶಬ್ದವಾಗುತ್ತಿತ್ತು. ಹೊರಗೆ ಕೂತವಳು ಈಗ ಏನು ಕೇಳಿಸಿಕೊಳ್ಳುತ್ತಿರಬಹುದು ಎಂದು ಆಗ ಹೊಳೆಯಿತು.

"ಅವ್ವಾ" ಎಂದು ಕೂಗಿದೆ.

"ಇಲ್ಲೇ ಇವ್ನಿ ಕಣ್ ಮಗ."

ಅಲ್ಲಿಂದ ಮುಂದೆ ನೋವು ಬಿಟ್ಟಾಗಲೆಲ್ಲ ಕೂಗಿದೆ. "ನೋವಿದ್ದಾಗ ಸುಮ್ನಿರ್ತೀರ, ಇಲ್ದಾಗ ಕಿರುಚ್ತೀರ, ಒಳ್ಳೆ ಕತೆ ನಿಮ್ದು" ಎಂದು ನರ್ಸು ಬೈದಳು.

ಗಂಟೆ ಮುಗಿಯುವ ಮೊದಲೇ ಹೆಣ್ಣುಮಗು ಹುಟ್ಟಿತು, ಕುಯ್ಯದೆ. ಗಟ್ಟಿಯಾಗಿ ಅತ್ತಿತು. ಎಲ್ಲರೂ ಅದರ ಸುತ್ತ ನಿಂತರು. ನಾನು ಸುಸ್ತಾಗಿ ಕಣ್ಣು ಮುಚ್ಚಿ ಬಿದ್ದಿದ್ದೆ. ಬಾಗಿಲು ದಬದಬ ಬಡಿದ ಸದ್ದಾಯಿತು.

"ಕೂಸಿಂದ್ ಕೇಳುಸ್ತು. ನಿಂದ್ ಕೇಳುಸ್ನಿಲ್ಲ. ಕೂಗು ಮಗ, ಕೂಗು!"

ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದೆ.